ಉಪ್ಪು ಬೀಳದ ಗಂಜಿ

ಮೊನ್ನೆ ಮೊಮ್ಮಗಳು ನನ್ನ ಪೆಟ್ಟಿಗೆಯಿಂದ ಹಳೆಯ ಕೈಮಗ್ಗದ ಸೀರೆಯೊಂದನ್ನು ಹೊರಗೆಳೆದು, "ಅಜ್ಜಿ, ನಾಡಿದ್ದು ಕಾಲೇಜಿಗೆ ಇದನ್ನ ಉಡ್ತೀನಿ. ಅಂಗಡಿ ಪುಡಿ ಬ್ಯಾಡ, ಅಕ್ಕಿ ಗಂಜೀನ ಹಾಕಿಕೊಡು. ನಿನ್ನ ಫೋಟೋದಾಗ ಸೆರಗು ಹೆಂಗ ನಿಂತೈತಲ್ಲ, ಹಂಗ ನಿಂದ್ರಬೇಕು," ಎಂದಳು. ಕುಕ್ಕರು ಬಂದ ಮೇಲೆ ನಮ್ಮ ಮನೆಯಲ್ಲಿ ಅನ್ನ ಬಸಿಯುವುದೇ ನಿಂತುಹೋಗಿತ್ತು. ಅಟ್ಟದಿಂದ ತಪ್ಪಲೆ ಇಳಿಸಿ, ಅಕ್ಕಿ ಬೇಯಿಸಿ, ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಹಿಡಿದು ಬಗ್ಗಿಸಿದೆ. ಬಿಳಿಯ ಗಂಜಿ ಬೋಗುಣಿಗೆ ಇಳಿಯಿತು. ಅದರ ವಾಸನೆ ಹಾಲು ಕುಡಿದ ಕೂಸಿನ ಬಾಯಿಯ ವಾಸನೆಯ ಹಾಗೆ ಬೆಚ್ಚಗೆ ಮೂಗಿಗೆ ತಾಕಿದ್ದೇ ತಡ, ನಾನು ಹಿತ್ತಿಲ ಬಾಗಿಲ ಕಡೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆ ವಾಸನೆ ಬಂದಾಗ ಅಲ್ಲಿ ನಿಂತಿರುತ್ತಿದ್ದವಳು ನಾಗಿ.

ನಾಗಿ ನನ್ನ ತವರಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಲಿಗೆಮ್ಮನ ಮಗಳು. ನನಗಿಂತ ಕೆಲವು ತಿಂಗಳು ದೊಡ್ಡವಳು. ನಮ್ಮದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹೆಂಚಿನ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅದು ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಹುಲಿಗೆಮ್ಮನ ಗಂಡ ಪಟಾಲಮ್ಮು ಸೇರಿ ಎತ್ತಲೋ ಹೋದವನು ಮತ್ತೆ ಸುದ್ದಿ ಕೊಡಲಿಲ್ಲವೆಂದು ಅವಳು ಮಗಳ ಕೈ ಹಿಡಿದುಕೊಂಡು ಕುರುಗೋಡಿನಿಂದ ಬಳ್ಳಾರಿಗೆ ಬಂದಿದ್ದಳು. ಜೋಳ ಅಂಗಡಿಗಳಲ್ಲಿ ಕಣ್ಣಿಗೆ ಬೀಳದಾಗಿತ್ತು. ಅಕ್ಕಿ ರೇಷನ್ನಿನಲ್ಲಿ ಅಳೆದು ಕೊಡುವಷ್ಟೇ. ನಮ್ಮ ಮನೆಯಲ್ಲೂ ಅನ್ನಕ್ಕೆ ಗೆಣಸು ಬೆರೆಸುತ್ತಿದ್ದರು. ಆದರೂ ನಮಗೆ ಎರಡು ಹೊತ್ತು ಊಟವಿತ್ತು, ನನಗೆ ಮಲಗುವ ಮುಂಚೆ ಹಾಲಿತ್ತು.

ಅನ್ನ ಬಸಿದ ಗಂಜಿಗೆ ನಮ್ಮ ಮನೆಯಲ್ಲಿ ಎರಡು ದಾರಿ. ಅಮ್ಮ ಅದಕ್ಕೆ ಚಿಟಿಕೆ ಉಪ್ಪು ಹಾಕಿದರೆ ಅದು ಹಿತ್ತಿಲ ಕಟ್ಟೆಗೆ ಹೋಗುತ್ತಿತ್ತು, ನಾಗಿಯ ಪಾಲು. ಉಪ್ಪು ಹಾಕದಿದ್ದರೆ ಬಚ್ಚಲಿಗೆ ಹೋಗುತ್ತಿತ್ತು, ನನ್ನ ಬಟ್ಟೆಯ ಪಾಲು. ಉಪ್ಪು ಬಿದ್ದ ಗಂಜಿ ಬಟ್ಟೆಗೆ ಆಗದು, ಪಸೆ ಹಿಡಿಯುತ್ತದೆ ಎನ್ನುವುದು ಅಮ್ಮನ ಲೆಕ್ಕ. ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಬಿಳಿಯ ಸ್ಕರ್ಟು. ಬೆಳಗಿನ ಪ್ರಾರ್ಥನೆಗೆ ಮುಂಚೆ ಮದರ್ ನಮ್ಮ ಸಾಲಿನುದ್ದಕ್ಕೂ ನಡೆದು ಬರುತ್ತ, ಎರಡು ಬೆರಳಿನಲ್ಲಿ ನೆರಿಗೆ ಮುಟ್ಟಿ ನೋಡುತ್ತಿದ್ದರು. ಒಳ್ಳೆಯ ಹೆಂಗಸು, ಯಾರನ್ನೂ ಗದರಿದ್ದು ನಾನು ಕಾಣೆ. ನನ್ನ ನೆರಿಗೆ ಮುಟ್ಟಿದಾಗ ಮಾತ್ರ ಅವರ ಮುಖದಲ್ಲಿ ಸಣ್ಣದೊಂದು ನಗು ಬರುತ್ತಿತ್ತು. ಆ ನಗುವಿಗಾಗಿ ನಾನು ಅಮ್ಮನನ್ನು ಪೀಡಿಸುತ್ತಿದ್ದೆ. ಒಂದು ದಿನ ಉಟ್ಟ ಸ್ಕರ್ಟನ್ನು ಮರುದಿನ ಉಡಲು ಒಲ್ಲೆ ಎನ್ನುತ್ತಿದ್ದೆ. ಬಿಸಿಲಿಗೆ ಕಾದ ಕೋಟೆಗುಡ್ಡದ ಬಂಡೆಗಳಿಂದ ಧೂಳು ಹಾರಿ ಬರುವ ಊರು, ಬಿಳಿ ಬಟ್ಟೆ ಎಷ್ಟು ಹೊತ್ತು ಬಿಳಿಯಾಗಿರುತ್ತದೆ?

ಅಮ್ಮ ಅನ್ನ ಬಸಿಯುವಾಗ ನಾಗಿ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಕಣ್ಣು ಗಂಜಿಯ ಮೇಲೆ ಇರುತ್ತಿರಲಿಲ್ಲ, ಅಮ್ಮನ ಕೈಯ ಮೇಲಿರುತ್ತಿತ್ತು. ಆ ಕೈ ಉಪ್ಪಿನ ಭರಣಿಯ ಕಡೆ ಹೋಗುತ್ತದೋ ಇಲ್ಲವೋ.

"ಅಮ್ಮಾರೇ, ಇವತ್ತು ಉಪ್ಪಿಂದೇನ್ರಿ, ಬಟ್ಟೀದೇನ್ರಿ?"

"ಬಟ್ಟೀದಲೇ ಇವತ್ತು. ನಾಳಿ ಬಾ."

"ಹೋಗ್ಲಿ ಬಿಡ್ರಿ. ನಿಮ್ಮ ಸುಸೀಲಮ್ಮನ ಲಂಗ ನನಗಿಂತ ದಪ್ಪ ಆಗೇತಿ!"

"ಬಾಯಿ ನೋಡು ಇದರದು!" ಎಂದು ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಾಗಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ನಕ್ಕಾಗ ಅವಳ ಕುತ್ತಿಗೆಯ ಎರಡು ಕಡೆ ಗುಂಡಿ ಬೀಳುತ್ತಿತ್ತು. ಮುಸುರೆಗೆ ಸುರಿಯಬೇಕಾದ ನೀರು, ಯಾರಿಗೆ ಕೊಟ್ಟರೇನು ಬಿಟ್ಟರೇನು ಎಂದೇ ನಾವೆಲ್ಲ ತಿಳಿದಿದ್ದೆವು. ಅವಳಿಗೆ ಅದು ಮಧ್ಯಾಹ್ನದ ಊಟ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಣ್ಣ ಮುಂದೆಯೇ ಇತ್ತು.

ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಮ್ಮಿಬ್ಬರನ್ನೂ ಒರಗಿಸಿ ನಿಲ್ಲಿಸಿ ಯುಗಾದಿಗೊಮ್ಮೆ ಅಮ್ಮ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ನನ್ನ ಗೆರೆಗಳು ಮೆಟ್ಟಿಲಿನ ಹಾಗೆ ಮೇಲೇರಿದವು. ನಾಗಿಯವು ಒಂದರ ಮೇಲೊಂದು ಬಿದ್ದು ದಪ್ಪನೆಯ ಒಂದೇ ಗೆರೆಯಾಯಿತು. "ಇದು ಗಿಡ್ಡ ಜಾತಿ," ಎಂದು ಹುಲಿಗೆಮ್ಮ ಮಗಳ ತಲೆ ಮೊಟಕಿದಳು. ಹುಲಿಗೆಮ್ಮನೇನೂ ಗಿಡ್ಡ ಇರಲಿಲ್ಲ. ಅಟ್ಟದ ಮೇಲಿನ ಕೊಡವನ್ನು ಮಣೆ ಇಲ್ಲದೆ ಇಳಿಸುತ್ತಿದ್ದವಳು ಅವಳೊಬ್ಬಳೇ.

ಹದಿಮೂರಕ್ಕೆ ನಾನು ದೊಡ್ಡವಳಾದೆ. ಹಸೆಯ ಮೇಲೆ ಕೂರಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಆರತಿ ಮಾಡಿದರು. ನಾಗಿ ಬಾಗಿಲಲ್ಲಿ ನಿಂತು, "ಮುಂದಿನ ಸರದಿ ನಂದು, ಬೆಲ್ಲ ಉಳಿಸಿಡ್ರಿ," ಎಂದಳು. ಅವಳ ಸರದಿ ಬರಲು ವರ್ಷಗಳೇ ಹಿಡಿದವು. ನಲ್ಲಿಯ ಹತ್ತಿರ ನೀರಿಗೆ ಬರುವ ಹೆಂಗಸರು, "ಏನಲೇ ನಾಗಿ, ನೀ ಗಂಡುಡುಗನೇನಲೇ? ಮೀಸಿ ಯಾವಾಗ ಬರತಾವ?" ಎಂದು ಕಾಡುತ್ತಿದ್ದರು. ಮೊದಮೊದಲು ಅವಳು ತಿರುಗಿ ಬಯ್ಯುತ್ತಿದ್ದಳು, ಆಮೇಲೆ ನೀರಿಗೆ ಬರುವ ಹೊತ್ತನ್ನೇ ಬದಲಿಸಿದಳು. ಕೊನೆಗೆ ಹದಿನೇಳರ ಸುಮಾರಿಗೆ ಅವಳು ದೊಡ್ಡವಳಾದ ಕೂಡಲೇ, ಹುಲಿಗೆಮ್ಮ ಇನ್ನು ತಡಮಾಡಬಾರದೆಂದು ಸಿರುಗುಪ್ಪದ ಹತ್ತಿರದ ದೇಶನೂರಿಗೆ ಮದುವೆ ಮಾಡಿ ಕಳಿಸಿಬಿಟ್ಟಳು.

ನಾನು ಹೇಳಬೇಕೆಂದಿರುವುದು ಅದಾದ ಕೆಲವು ವರ್ಷಗಳ ನಂತರದ ಒಂದು ಸುಗ್ಗಿಯ ಮಾತು. ಬಳ್ಳಾರಿ ಇನ್ನೂ ಮದರಾಸಿಗೆ ಸೇರಿತ್ತು, ಹೊಸಪೇಟೆಯ ಬಳಿ ಅಣೆಕಟ್ಟು ಏಳುತ್ತಿತ್ತು. ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ನಮ್ಮವರು ಅಕ್ಕಿ ಗಿರಣಿಯ ಉಸ್ತುವಾರಿ ನೋಡುತ್ತಿದ್ದರು, ಗಿರಣಿಯ ಅಂಗಳಕ್ಕೆ ಹೊಂದಿಕೊಂಡೇ ನಮ್ಮ ಮನೆ. ಹಳೆಯ ಕಾಲುವೆಗಳ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಅದು. ಸುಗ್ಗಿ ಬಂತೆಂದರೆ ಬೆಳಗಿನಿಂದ ಬಂಡಿಗಳ ಸಾಲು, ಗಾಳಿಯ ತುಂಬ ತೌಡಿನ ವಾಸನೆ. ಬಳ್ಳಾರಿಯಲ್ಲಿ ಅಳೆದು ತಿಂದ ಅಕ್ಕಿ ಇಲ್ಲಿ ಕಾಲಿಗೆ ಅಂಟುತ್ತಿತ್ತು. ಗುಬ್ಬಿಗಳು ಕೂಡ ದುಂಡಗಿದ್ದವು. ನಾನು ಚೊಚ್ಚಲ ಬಸುರಿ.

ಅಕ್ಕಿ ಕೇರಲು ಬರುವ ಹೆಂಗಸರ ಗುಂಪಿನಿಂದ ಒಂದು ದಿನ ದನಿ ಕೇಳಿತು.

"ಏನ್ರಿ ಸುಸೀಲಮ್ಮ, ಗಂಜಿ ಸಾಲವಲ್ದು ಅಂತ ಗಿರಣೀನ ಕಟಿಗೊಂಡು ಬಂದೀರಿ!"

ಮೊರ ಹಿಡಿದು ಕೂತಿದ್ದ ನಾಗಿ! ಎದ್ದು ನಿಂತಳು. ನನ್ನ ಭುಜಕ್ಕೂ ಬರಲಿಲ್ಲ. ಸೆರಗಿನಡಿ ಅವಳ ಹೊಟ್ಟೆಯೂ ಮುಂದೆ ಬಂದಿತ್ತು, ಆ ಸಣ್ಣ ಮೈಗೆ ಯಾರೋ ಬೇರೆಯವರ ಹೊಟ್ಟೆ ಕಟ್ಟಿದ ಹಾಗೆ.

"ನಿನಗೂ ಏನಲೇ? ಎಷ್ಟನೇದು?" ಎಂದೆ.

"ಮೂರನೇದ್ರಿ. ಎರಡು ಮಣ್ಣಾಗ ಅದಾವು." ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. "ಎರಡೂ ತುಂಬಿದ ಕೂಸು. ಬರೂ ದಾರಿಯಾಗ ಸಿಕ್ಕೊಂಡು ಉಸುರು ಬಿಟ್ಟವು. ಇದೂ ಹಂಗ ಆತಂದ್ರ ನಮ್ಮತ್ತಿ ಮೋಕ ಅನ್ನೂ ಊರಾಗ ಇನ್ನೊಂದು ಹೆಣ್ಣು ನೋಡಿ ಇಟ್ಟಾಳ. ಆತ ಒಳ್ಳೇವನ್ರಿ, ಆದ್ರ ತಾಯಿ ಮಾತು ಮೀರಾಂವಲ್ಲ."

ಒಳಗೆ ಕರೆದು ಊಟಕ್ಕೆ ಇಟ್ಟೆ. ಎರಡು ತುತ್ತು ತಿಂದು ಕೈ ತೊಳೆದಳು.

"ಯಾಕ, ಸೇರವಲ್ದೇನು?"

"ಈ ಸಲ ನಾ ಉಪಾಯ ಮಾಡೀನ್ರಿ," ಎಂದು ದನಿ ತಗ್ಗಿಸಿದಳು. "ಒಂದs ಹೊತ್ತು ಉಣ್ತೀನಿ. ಅದೂ ಅರ್ಧ ಹೊಟ್ಟಿ. ಕೂಸು ಸಣ್ಣದಿದ್ರ ಸರಕ್ಕನ ಜಾರಿ ಬರತೈತಿ. ನಮ್ಮೂರ ಸೂಲಗಿತ್ತಿನೂ ಅದನ್ನ ಅಂದಾಳ. ಹಸಿವೇನು, ನನಗ ಹೊಸಾದs?"

ನಮ್ಮತ್ತೆಯೂ ಹೌದು ಹೌದೆಂದರು. ಬಸುರಿಯರು ಹೆಚ್ಚು ತಿನ್ನಬಾರದೆಂಬುದು ಆ ಕಡೆ ಬಹಳ ಮನೆಗಳ ಮಾತು. ಹಾಗೆಂದವರೇ ಸಂಜೆ ನನ್ನ ತಟ್ಟೆಗೆ ತುಪ್ಪ ಸುರಿದು, "ನಿನ್ನ ಮೈಕಟ್ಟಿಗೆ ಏನಾಗಂಗಿಲ್ಲ, ಉಣ್ಣು," ಎಂದರು. ಎರಡು ಮಾತೂ ನನಗೆ ಸರಿಯೆಂದೇ ತೋರಿತು. ಕಾನ್ವೆಂಟಿನಲ್ಲಿ ನಮಗೆ ನದಿಗಳ ಹೆಸರು, ಪದ್ಯಗಳು, ಕಸೂತಿ ಎಲ್ಲ ಕಲಿಸಿದ್ದರು.

ಏಳನೇ ತಿಂಗಳಲ್ಲಿ ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಬಂದರು. ನಾಗಿಗೆ ಹೇಳಿಕಳಿಸಿ, "ನನ್ನ ಜೋಡಿ ಬಂದುಬಿಡು. ನಿಮ್ಮವ್ವನೂ ಅಲ್ಲೇ ಅದಾಳ. ಬಳ್ಳಾರ್ಯಾಗ ದೊಡ್ಡ ದವಾಖಾನಿ ಐತಿ," ಎಂದೆ.

"ಸುಗ್ಗಿ ಮುಗೀಲ್ರಿ. ಈಗ ಬಿಟ್ಟು ಬಂದ್ರ ವರ್ಷದ ಕೂಲಿ ನುಚ್ಚು ಹೋತು. ನನ್ನದು ನಿಮ್ಮದಕ್ಕಿಂತ ತಡ ಐತಿ." ಬಂಡಿ ಹೊರಟಾಗ ಹಿಂದಿನಿಂದ ಕೂಗಿದಳು: "ನಿಮ್ಮ ಕೂಸಿನ ಲಂಗಕ್ಕ ಗಂಜಿ ನಾನs ಹಾಕ್ತೀನ್ರಿ!"

ನನ್ನ ಹೆರಿಗೆ ಹೂವೆತ್ತಿದ ಹಾಗಾಯಿತು. ಬೆಳಗಿನ ಕಾಫಿ ಕುಡಿದ ಮೇಲೆ ನೋವು ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಮಗಳು ತೊಡೆಯ ಮೇಲಿದ್ದಳು. ಸೂಲಗಿತ್ತಿ ನನ್ನ ಸೊಂಟ ತಟ್ಟಿ, "ಹಿಂಗಿರಬೇಕು ನೋಡ್ರಿ ಕಟ್ಟು," ಎಂದು ಅಮ್ಮನ ಮುಂದೆ ಹೊಗಳಿದಳು. ಅಮ್ಮ ಹಿಗ್ಗಿದಳು, ತಾನೇ ಕಟ್ಟಿಸಿದ ಮನೆಯನ್ನು ಯಾರೋ ಮೆಚ್ಚಿದ ಹಾಗೆ. ಆಮೇಲೆ ನನಗೆ ಎದೆ ಬಾವು ಬಂತು. ಎರಡೂ ಕಡೆ ಕಲ್ಲಾಗಿ, ಜ್ವರ ಏರಿ, ದವಾಖಾನೆಗೆ ಸೇರಿಸಿದರು. ಬಾವು ಕೊಯ್ದು ಪಟ್ಟಿ ಕಟ್ಟಿದರು. ಮಗಳಿಗೆ ಆಕಳ ಹಾಲಿಗೆ ನೀರು ಬೆರೆಸಿ, ಅರಿವೆಯ ಬತ್ತಿ ಅದ್ದಿ ಚೀಪಿಸಿದರೆ, ಅದು ನಿಲ್ಲದೆ ಭೇದಿಯಾಗಿ, ಅಳುವ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಆ ದವಾಖಾನೆಗೇ ಒಂದು ಬೆಳಿಗ್ಗೆ ನಾಗಿಯನ್ನು ತಂದರು. ಹಿಂದಿನ ದಿನವೇ ದೇಶನೂರಿನಲ್ಲಿ ನೋವು ಶುರುವಾಗಿತ್ತಂತೆ. ಅಲ್ಲಿಂದ ಸಿರುಗುಪ್ಪಕ್ಕೆ ಬಂಡಿ, ಅಲ್ಲಿಂದ ಬಸ್ಸು. ಗಂಡ ಹೊತ್ತುಕೊಂಡು ಬಂದ. ಹೆಂಡತಿಯನ್ನು ಹೊತ್ತ ಹಾಗೆ ಕಾಣುತ್ತಿರಲಿಲ್ಲ, ನಿದ್ದೆ ಹೋದ ಮಗಳನ್ನು ಹೊತ್ತ ಹಾಗಿತ್ತು. ಹುಲಿಗೆಮ್ಮ ನಮ್ಮ ಮನೆಯ ಪಾತ್ರೆಯನ್ನು ಅರ್ಧಕ್ಕೆ ಬಿಟ್ಟು, ಕೈಗೆ ಹತ್ತಿದ ಬೂದಿಯಲ್ಲೇ ಓಡಿ ಬಂದಳು. ನಾಗಿಯನ್ನು ಒಳಗೆ ಕರೆದುಕೊಂಡು ಹೋದರು. ಹುಲಿಗೆಮ್ಮ ನನ್ನ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು. ಕೂಸಿನ ಅಳು ಕೇಳುತ್ತದೇನೋ ಎಂದು ಇಬ್ಬರೂ ಕಿವಿ ಕೊಟ್ಟೆವು. ಕೇಳಿದ್ದು ನನ್ನ ಮಗಳ ಅಳು ಮಾತ್ರ.

ಡಾಕ್ಟರಮ್ಮ ಮಲಯಾಳದ ಕಡೆಯವರು, ಹೊಸದಾಗಿ ಬಂದಿದ್ದರು. ಕನ್ನಡವಿಲ್ಲ, ನಮ್ಮೂರಲ್ಲಿ ಎಲ್ಲರಿಗೂ ಬರುವ ತೆಲುಗೂ ಇಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ನರ್ಸನ್ನು ಹುಡುಕಿದರು, ಆಮೇಲೆ ನನ್ನನ್ನು ನೋಡಿ, ನಿನಗೆ ಇಂಗ್ಲಿಷ್ ಬರುತ್ತದಲ್ಲ, ಈ ತಾಯಿಗೆ ಹೇಳು ಎಂದರು. ಅಷ್ಟು ವರ್ಷ ಕಲಿತ ಇಂಗ್ಲಿಷು ನನಗೆ ಬದುಕಿನಲ್ಲಿ ನಿಜವಾಗಿ ಬೇಕಾದದ್ದು ಆ ಒಂದು ಸಲ.

ಹೊಟ್ಟೆ ಕೊಯ್ದು ತಾಯಿಯನ್ನು ಉಳಿಸಿದ್ದೇವೆ, ಮಗು ಮುಂಚೆಯೇ ಹೋಗಿತ್ತು ಎಂದರು. ಇನ್ನು ಅವಳು ಬಸುರಾಗಬಾರದು, ಬಸುರಾದರೆ ಉಳಿಯುವುದಿಲ್ಲ ಎಂದರು. ಕೂಸು ತೀರ ಸಣ್ಣದಿತ್ತು, ಅದಕ್ಕೂ ದಾರಿ ಸಾಲಲಿಲ್ಲ, ಸೊಂಟದ ಎಲುಬೇ ಬೆಳೆದಿಲ್ಲ ಎಂದರು. ನಾನು, ಈಗ ಆರು ತಿಂಗಳಿಂದ ಅವಳು ಅರ್ಧ ಹೊಟ್ಟೆ ಉಂಡಿದ್ದಾಳೆ, ಅದಕ್ಕೇ ಏನು ಎಂದು ಕೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು. ಅದರಿಂದ ಕೂಸು ಸೊರಗಿದೆ, ಎಲುಬಿನದು ಹಳೆಯದು. ತಡವಾಗಿ ಮುಟ್ಟಾದಳೇ? ಹೌದೆಂದೆ. ಎಲುಬು ಕಟ್ಟುವ ವಯಸ್ಸಿನಲ್ಲಿ, ಹುಡುಗಿಯಾಗಿದ್ದಾಗ, ಇವಳಿಗೆ ತಿನ್ನಲು ಸಿಕ್ಕಿಲ್ಲ. ಆಗ ಬೆಳೆಯದ್ದು ಆಮೇಲೆ ಏನು ತಿಂದರೂ ಬೆಳೆಯುವುದಿಲ್ಲ. ಆ ದಿನಗಳಲ್ಲಿ ಇವಳು ಏನು ತಿನ್ನುತ್ತಿದ್ದಳೋ ಯಾರಿಗೆ ಗೊತ್ತು, ಎಂದು ಅವರು ಮುಂದಿನ ಮಂಚಕ್ಕೆ ಹೋದರು.

ನನಗೆ ಗೊತ್ತಿತ್ತು. ಯಾವ ದಿನ ತಿಂದಳು, ಯಾವ ದಿನ ಇಲ್ಲ ಎಂಬುದು ಕೂಡ ಗೊತ್ತಿತ್ತು. ತಿನ್ನದ ದಿನಗಳನ್ನು ನಾನು ಇಸ್ತ್ರಿ ಮಾಡಿಸಿ ಉಟ್ಟುಕೊಂಡು ಶಾಲೆಗೆ ಹೋಗಿದ್ದೆ.

"ಏನಂದ್ರವ್ವ ದಾಕ್ಟ್ರಮ್ಮ?" ಹುಲಿಗೆಮ್ಮ ಕೇಳಿದಳು.

ಮುಚ್ಚಿಡಬಾರದು ಎನ್ನಿಸಿತು. ಒಂದೊಂದೇ ಮಾತನ್ನು ಕನ್ನಡಕ್ಕೆ ಇಳಿಸಿದೆ. ಕೂಸು ಹೋಯಿತೆಂಬುದು ಅವಳಿಗೆ ಆಗಲೇ ತಿಳಿದಿತ್ತು. ಇನ್ನು ಹೆರುವಂತಿಲ್ಲ ಎಂದಾಗ ನೆಲ ನೋಡುತ್ತ ತಲೆಯಾಡಿಸಿದಳು. ಸಣ್ಣವಳಿದ್ದಾಗ ಹೊಟ್ಟೆಗೆ ಸಾಲದೆ ಹೀಗಾಯಿತಂತೆ ಎಂದಾಗ ಮುಖವೆತ್ತಿ ನನ್ನನ್ನು ನೋಡಿದಳು.

"ಹಂಗಾರ ನಾನs ಮಾಡಿದ್ದು."

"ಅಲ್ಲ ಹುಲಿಗೆಮ್ಮ..."

"ನಾನs ಮಾಡಿದ್ದವ್ವ. ಕುರುಗೋಡಿನಾಗ ಇದ್ದಿದ್ರ ಯಾರರ ಹೊಲದಾಗ ಸೊಪ್ಪೋ ಗಡ್ಡೆನೋ ಕಿತ್ತು ತಿನಿಸ್ತಿದ್ದೆ. ಪ್ಯಾಟಿಗೆ ಬಂದ್ರ ಬದುಕ್ತೀವಿ ಅಂತ ಬಂದೆ. ಬ್ಯಾಡ ಬ್ಯಾಡ ಅಂದ್ಲು ನಮ್ಮವ್ವ." ಬೂದಿಯ ಕೈಯಿಂದ ಎದೆ ಬಡಿದುಕೊಂಡಳು, ರವಿಕೆಯ ಮೇಲೆ ಬೆರಳುಗಳ ಗುರುತು ಮೂಡಿತು. "ಗಿಡ್ಡ ಜಾತಿ ಗಿಡ್ಡ ಜಾತಿ ಅಂತ ತಲೀ ಮೊಟಕ್ತಿದ್ನಲ್ಲ, ಆವಾಗರ ತಿಳೀಬಾರದಿತ್ತs?"

ನಾನು ಗಂಜಿಯ ಮಾತೆತ್ತಿದೆ. ನಮ್ಮ ಮನೆಯಲ್ಲಿ ಬಟ್ಟೆಗೆ ಹಾಕಿದ್ದು, ಅದನ್ನು ಅವಳಿಗೆ ಕೊಡಬಹುದಿತ್ತು, ನಾನು ಹಟ ಮಾಡುತ್ತಿದ್ದೆ ಎಂದೆಲ್ಲ ತಡವರಿಸಿದೆ. ಹುಲಿಗೆಮ್ಮ ನನ್ನ ಕೈಮೇಲೆ ಕೈಯಿಟ್ಟಳು.

"ಹಂಗನಬ್ಯಾಡ್ರಿ. ನಿಮ್ಮನಿ ಗಂಜಿ ಕುಡದs ನನ್ನ ಮಗಳು ಅಷ್ಟರ ಆಗಿದ್ದು. ನಿಮ್ಮವ್ವನ ಋಣ ತೀರಿಸಾಕ ಆಗಂಗಿಲ್ಲ."

ಅವಳು ಬಯ್ದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ನಾನು ಸತ್ಯವನ್ನೇ ಹೇಳಿದ್ದೆ. ಅದು ಹೋಗಿ ಹೋಗಿ ಅವಳ ತಲೆಯ ಮೇಲೆ ಕೂತಿತು. ಸಾಯುವ ತನಕ ಆಕೆ ಅದನ್ನು ಇಳಿಸಲಿಲ್ಲ. ನಾನೂ ಇಳಿಸಲಾರದೆ ಹೋದೆ.

ಒಂದೆರಡು ದಿನ ಕಳೆದ ಮೇಲೆ ನಾಗಿಗೆ ಹಾಲು ಬಂತು. ಕೂಸಿಲ್ಲದ ಮೈಗೆ ಅದು ಹೇಗೆ ತಿಳಿಯಬೇಕು? ಸೆರಗು ತೊಯ್ದು, ನೋವಿಗೆ ಅವಳು ಹಲ್ಲು ಕಚ್ಚಿ ಮಲಗಿದ್ದಳು. ಆಚೆ ಮಂಚದಲ್ಲಿ ನನ್ನ ಮಗಳು ಬತ್ತಿಯನ್ನು ಉಗುಳಿ ಕುಂಯ್‌ಗುಟ್ಟುತ್ತಿದ್ದಳು. ಅಮ್ಮನ ಕಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡುವುದನ್ನು ಕಂಡೆ. ಅಮ್ಮ ಏನು ಕೇಳಲಿದ್ದಾಳೆಂದು ತಿಳಿದು, "ಬ್ಯಾಡಮ್ಮ, ಬ್ಯಾಡ," ಎಂದೆ. ಅಮ್ಮ ಬಾಯಿ ತೆರೆಯಲಿಲ್ಲ. ತೆರೆದವಳು ನಾಗಿ.

"ಏನ್ ನೋಡ್ತೀರ್ರಿ ಅಮ್ಮಾರೇ, ಕೊಡ್ರಿ ಇತ್ಲಾಗ ಕೂಸು. ಅದೂ ಅಳತೈತಿ, ನನಗೂ ಬಿಗಿಯಾಕ ಹತ್ತೇತಿ."

ಬೇಡವೆಂದಿದ್ದ ನಾನೇ ಮಗಳನ್ನೆತ್ತಿ ಅಮ್ಮನ ಕೈಗೆ ಕೊಟ್ಟೆ. ಅಷ್ಟು ಬೇಗ ಕೊಟ್ಟೆ. ಹೊಟ್ಟೆಯ ಹೊಲಿಗೆಗೆ ತಾಕದ ಹಾಗೆ ನಾಗಿ ಅವಳನ್ನು ಪಕ್ಕಕ್ಕೆ ಮಲಗಿಸಿಕೊಂಡಳು. ಮಗಳು ತಲೆ ಆಡಿಸಿ ಹುಡುಕಿ, ಹಿಡಿದು, ಒಮ್ಮೆಲೆ ಸುಮ್ಮನಾದಳು. ಗುಟುಕು ಗುಟುಕಾಗಿ ನುಂಗುವ ಸದ್ದು ವಾರ್ಡಿನಲ್ಲೆಲ್ಲ ಕೇಳಿಸಿತು.

ನಾಗಿ ಅವಳ ಕಿವಿಯ ಮೇಲಿನ ಕೂದಲನ್ನು ಬೆರಳಿನಲ್ಲಿ ಹಿಂದಕ್ಕೆ ಸರಿಸಿದಳು. ಹಿತ್ತಿಲ ಬಾಗಿಲಿನ ಅದೇ ನಗು ನಕ್ಕು, "ನೋಡ್ರಿ ಸುಸೀಲಮ್ಮ," ಎಂದಳು, "ನನ್ನ ಪಾಲು ನಿಮ್ಮ ಮನೀ ದಾರಿ ಮರೀವಲ್ದು."

ನನ್ನ ಎದೆಯ ಗಾಯ ಮಾಯುವ ತನಕ ಮಗಳು ಅವಳ ಹಾಲಿನಲ್ಲೇ ಬೆಳೆದಳು. ಅಮ್ಮ ಆಗ ನಾಗಿಗೆ ದಿನಾ ತುಪ್ಪ, ಅನ್ನ, ಸಬ್ಬಸಿಗೆ ಸೊಪ್ಪು ಕಟ್ಟಿ ಕಳಿಸಿದಳು. ನಾಗಿ ಬಾಣಂತಿಯ ಊಟವನ್ನು ತಟ್ಟೆ ನೆಕ್ಕಿ ಉಂಡಳು. ಯಾರ ಸಲುವಾಗಿ ಆ ತುಪ್ಪ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಮೋಕದ ಹೆಣ್ಣು ದೇಶನೂರಿಗೆ ಬಂದಳು. ನಾಗಿ ತಾಯಿಯ ಜೊತೆ ಕುರುಗೋಡಿಗೆ ಹೋದಳು, ಅಲ್ಲೇ ಕೂಲಿ ಮಾಡಿ ಬದುಕಿದಳು. ನಾನು ಸೀರೆ, ಕಾಳು ಕಳಿಸುತ್ತಿದ್ದೆ. ಒಮ್ಮೆ ಮಗಳನ್ನು ಕರೆದುಕೊಂಡು ಹೋದಾಗ ಅವಳು ಮೊದಲು ನೋಡಿದ್ದು ಮಗಳ ಎತ್ತರವನ್ನು. "ಅಬ್ಬಾ, ಬಾಗಿಲಿಗೆ ತಲಿ ತಾಗತೈತಿ," ಎಂದು ಕಣ್ಣು ಅರಳಿಸಿದಳು. ನನ್ನ ಮಗಳ ಹೆರಿಗೆಗಳೂ ನನ್ನವುಗಳ ಹಾಗೇ ಹಗುರವಾದವು. ಹೆಂಗಸರು ಅದನ್ನು ನಮ್ಮ ಮನೆತನದ ಕಟ್ಟು ಎನ್ನುತ್ತಾರೆ.

ಆ ಮಗಳ ಮಗಳೇ ಈಗ ಅಡುಗೆಮನೆಗೆ ಬಂದು, ಒದ್ದೆ ಮಾಡಿದ ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಬೋಗುಣಿಗೆ ಬೆರಳದ್ದಿ, ಚೀಪಿ, ಮುಖ ಹುಳ್ಳಗೆ ಮಾಡಿದಳು.

"ಅಜ್ಜೀ! ಇದಕ್ಕ ಉಪ್ಪು ಹಾಕಿಯೇನು?"

ನೋಡಿದೆ. ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿತ್ತು. ನನ್ನ ಬೆರಳ ತುದಿಯಲ್ಲಿ ಎರಡು ಹರಳು ಇನ್ನೂ ಅಂಟಿಕೊಂಡಿದ್ದವು.

"ಇವತ್ತು ಉಪ್ಪಿಂದು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಲೋಟಕ್ಕೆ ಬಗ್ಗಿಸಿ ಅವಳ ಕೈಗೊಂದು ಕೊಟ್ಟು, ನಾನೊಂದು ಹಿಡಿದು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತೆ. ಗಂಜಿ ಬಿಸಿಯಿತ್ತು. ತಳ ಕಾಣುವ ತನಕ ಕುಡಿದೆ.